ಸ್ನಿಗ್ಧತೆಯೂ ರಾಗವೂ: ಹಾಳಾದ ಚರ್ಮದ ಆರೈಕೆಯ ಕುರಿತು ಒಂದು ಧರ್ಮಜಿಜ್ಞಾಸೆ

ದೇಹವು ಆತ್ಮವಲ್ಲವೆಂದು ನಂಬಿದ ಮನುಷ್ಯನು ತನ್ನ ಚರ್ಮಕ್ಕೆ ಲೇಪವನ್ನು ಆರಿಸಿಕೊಳ್ಳುವುದು ಧರ್ಮಕ್ಕೆ ಸಲ್ಲುತ್ತದೆಯೋ ಮೋಹಕ್ಕೆ ಸಲ್ಲುತ್ತದೆಯೋ ಎಂಬ ಪ್ರಶ್ನೆಗೆ ಜೈನ ದರ್ಶನದಲ್ಲಿ ವಿಶೇಷವಾದ ಮೊನಚು ಬಂದಿದೆ. ಆ ದರ್ಶನವು ಒಂದು ಕಡೆ ದೇಹವನ್ನು ಅಶುಚಿಯೆಂದೂ ಆತ್ಮಕ್ಕೆ ಅನ್ಯವಾದದ್ದೆಂದೂ ಮತ್ತೆ ಮತ್ತೆ ಭಾವಿಸಲು ಕಲಿಸುತ್ತದೆ. ಹೀಗೆ ಮಾಡುವ ಹನ್ನೆರಡು ಬಗೆಯ ಚಿಂತನೆಗಳಿಗೆ ಅನುಪ್ರೇಕ್ಷೆಗಳೆಂದು ಹೆಸರು, ಅವುಗಳಲ್ಲಿ ಅನ್ಯತ್ವವೂ ಅಶುಚಿತ್ವವೂ ಎರಡು. ಇನ್ನೊಂದು ಕಡೆ ಅದೇ ದರ್ಶನವು ಸ್ಪರ್ಶವೊಂದನ್ನೇ ಇಂದ್ರಿಯವಾಗಿ ಉಳ್ಳ ಅತಿ ಸೂಕ್ಷ್ಮ ಜೀವಿಯ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಿಧಿಸುತ್ತದೆ. ದೇಹವನ್ನು ಕಡೆಗಣಿಸೆಂದು ಹೇಳುವಂತೆ ತೋರುವ ಮಾತಿಗೂ ಯಾವ ದೇಹವನ್ನೂ ನೋಯಿಸಬಾರದೆಂಬ ಮಾತಿಗೂ ನಡುವೆ ಹಾಳಾದ ಚರ್ಮವುಳ್ಳ ಗೃಹಸ್ಥನು ನಿಂತಿದ್ದಾನೆ, ಮತ್ತು ಅವನಿಗೆ ಸಲ್ಲುವ ಉತ್ತರವನ್ನು ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದೇ ಹುಡುಕಬೇಕಾಗುತ್ತದೆ.

ಈ ಪ್ರಶ್ನೆಯನ್ನು ಗುಜರಾತಿನ ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ನೆಲೆಯಲ್ಲಿ ಇಟ್ಟು ನೋಡುವುದಕ್ಕೆ ಕಾರಣಗಳಿವೆ. ಅಹಮದಾಬಾದಿನಲ್ಲಿ 2016ರ ಮೇ 20ರಂದು ಉಷ್ಣಾಂಶವು 48 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅದೇ ಊರಿನಲ್ಲಿ ಉತ್ತರಾಯಣದ ಹೊತ್ತಿಗೆ ಬೀಸುವ ಒಣಗಾಳಿ ತುಟಿ ಮತ್ತು ಹಿಮ್ಮಡಿಗಳನ್ನು ಒಡೆಯಿಸುತ್ತದೆ. ವಡೋದರಾದ ಸುತ್ತ ರಾಸಾಯನಿಕ ಕಾರ್ಖಾನೆಗಳ ಸಾಲಿದೆ, ಸೂರತ್ತಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಮತ್ತು ಅಚ್ಚು ಹಾಕುವ ಗಿರಣಿಗಳಿವೆ, ಅಲ್ಲಿ ದುಡಿಯುವವರ ಕೈಗಳು ದಿನವೂ ಕ್ಷಾರ ಮತ್ತು ಬಣ್ಣಗಳಲ್ಲಿ ಮುಳುಗೇಳುತ್ತವೆ. ಇದೇ ನಗರಗಳು ಜೈನ ಶ್ರಾವಕರ, ಅಂದರೆ ಗೃಹಸ್ಥ ಅನುಯಾಯಿಗಳ, ದೊಡ್ಡ ನೆಲೆಗಳೂ ಹೌದು: ಅಹಮದಾಬಾದಿನಲ್ಲಿ 1848ರಲ್ಲಿ ಪೂರ್ಣಗೊಂಡ ಹಠೀಸಿಂಗ್ ದೇರಾಸರ, ಅಂದರೆ ಜೈನ ಮಂದಿರ, ಇದೆ, ಸೂರತ್ತಿನ ಆಗಮಮಂದಿರದಲ್ಲಿ ಶ್ವೇತಾಂಬರ ಪಂಥದ ಆಗಮಗಳನ್ನು, ಅಂದರೆ ಪವಿತ್ರ ಗ್ರಂಥಗಳನ್ನು, ತಾಮ್ರಪಟಗಳ ಮೇಲೆ ಕೊರೆಸಿಡಲಾಗಿದೆ, ವಡೋದರಾದ ಪ್ರಾಚ್ಯವಿದ್ಯಾ ಸಂಸ್ಥೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತದ ಇಂಗ್ಲಿಷ್ ಅನುವಾದವು 1931ರಿಂದ 1962ರವರೆಗೆ ಆರು ಸಂಪುಟಗಳಲ್ಲಿ ಹೊರಬಂದಿತು. ಊಟದ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸುವ ಅಭ್ಯಾಸವುಳ್ಳ ಈ ಸಮುದಾಯದಲ್ಲಿ ಮೈಗೆ ಹಚ್ಚುವ ವಸ್ತುವಿನಲ್ಲಿ ಏನಿದೆ ಎಂಬ ವಿಚಾರವೂ ಸಹಜವಾಗಿಯೇ ಏಳುತ್ತದೆ.

ವಿಚಾರಕ್ಕೆ ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ವೈದ್ಯರು ಚರ್ಮದ ತಡೆಗೋಡೆ ಎಂದು ಕರೆಯುವುದು ಚರ್ಮದ ಅತ್ಯಂತ ಹೊರಗಿನ ಪದರವನ್ನು. ದೇಹದ ಬಹುಭಾಗದಲ್ಲಿ ಅದರ ದಪ್ಪ 10ರಿಂದ 20 ಮೈಕ್ರಾನ್ ಮಾತ್ರ, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಆ ಪದರದಲ್ಲಿ ಸತ್ತು ಚಪ್ಪಟೆಯಾದ ಜೀವಕೋಶಗಳು ಒಂದರ ಮೇಲೊಂದು ಕುಳಿತಿರುತ್ತವೆ, ಅವುಗಳ ನಡುವಿನ ಎಡೆಯನ್ನು ಮೂರು ಬಗೆಯ ಜಿಡ್ಡು ತುಂಬಿರುತ್ತದೆ: ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡುಗಳು, ಕಾಲು ಭಾಗದಷ್ಟು ಕೊಲೆಸ್ಟರಾಲ್, ಉಳಿದದ್ದರಲ್ಲಿ ಹೆಚ್ಚಿನದು ಕೊಬ್ಬಿನ ಆಮ್ಲಗಳು. ಈ ಜಿಡ್ಡು ದೇಹದ ನೀರು ಆವಿಯಾಗಿ ಹೋಗದಂತೆ ತಡೆಯುತ್ತದೆ, ಹೊರಗಿನ ಕ್ಷಾರ, ಧೂಳು ಮತ್ತು ಸೂಕ್ಷ್ಮಾಣುಗಳು ಒಳಗೆ ಹೋಗದಂತೆಯೂ ತಡೆಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿರುತ್ತದೆ. ಸಾಮಾನ್ಯ ಸೋಪು ಕ್ಷಾರೀಯವಾದ್ದರಿಂದ ಅದು ಕೊಳೆಯ ಜೊತೆಗೆ ಈ ಜಿಡ್ಡನ್ನೂ ತೊಳೆದುಹಾಕುತ್ತದೆ. ಬಿಸಿನೀರು, ಗಡಸು ನೀರು, ಒರಟಾದ ಉಜ್ಜುವಿಕೆ, ಮುಖದ ಕಾಂತಿಗೆಂದು ಹಚ್ಚುವ ಆಮ್ಲಗಳು, ಪದೇ ಪದೇ ಕೈತೊಳೆಯುವಿಕೆ ಇವೆಲ್ಲ ಸೇರಿದಾಗ ತಡೆಗೋಡೆ ಹಾಳಾಗಿ ಚರ್ಮವು ಬಿಗಿಯುತ್ತದೆ, ಕೆಂಪಾಗುತ್ತದೆ, ಹೊಟ್ಟೇಳುತ್ತದೆ, ಬರಿಯ ನೀರು ತಗಲಿದರೂ ಉರಿಯುತ್ತದೆ.

ಉರಿ ಎಂಬ ಈ ಅನುಭವವನ್ನು ಜೈನ ದರ್ಶನದ ಇಂದ್ರಿಯವಿಚಾರದ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ದೊಡ್ಡದಾಗುತ್ತದೆ. ಆ ದರ್ಶನವು ಜೀವಿಗಳನ್ನು ಅವುಗಳಿಗಿರುವ ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುತ್ತದೆ. ಪೃಥ್ವಿ, ಜಲ, ಅಗ್ನಿ, ವಾಯುಗಳನ್ನೇ ಒಡಲಾಗಿ ಪಡೆದ ಜೀವಗಳಿಗೂ ಗಿಡಮರಗಳಿಗೂ ಸ್ಪರ್ಶನೇಂದ್ರಿಯವೊಂದೇ ಇದೆ, ಹುಳುವಿಗೆ ರುಚಿ ಸೇರುತ್ತದೆ, ಇರುವೆಗೆ ವಾಸನೆ ಸೇರುತ್ತದೆ, ಮೇಲೆ ಮೇಲೆ ಹೋದಂತೆ ಕಣ್ಣು ಕಿವಿಗಳು ಕೂಡಿಕೊಳ್ಳುತ್ತವೆ. ಹಾಗಾದರೆ ಎಲ್ಲ ಜೀವಿಗಳಿಗೂ ಸಮಾನವಾದ ಒಂದೇ ಒಂದು ಇಂದ್ರಿಯವೆಂದರೆ ಸ್ಪರ್ಶ. ಕಣ್ಣಿನ ಸುಖದುಃಖಗಳಲ್ಲಿ ಮನುಷ್ಯನು ಗಿಡದಿಂದ ದೂರನಾಗಿದ್ದಾನೆ, ಮುಟ್ಟಿದರೆ ನೋಯುವ ವಿಷಯದಲ್ಲಿ ಮಾತ್ರ ಅವನು ಅದರ ನೆರೆಯವನು. ಆಚಾರಾಂಗ ಸೂತ್ರವು ಏಕೇಂದ್ರಿಯ ಜೀವಿಗಳ ನೋವನ್ನು ತಿಳಿಸಬೇಕಾದಾಗ ಮನುಷ್ಯನ ಅಂಗಾಂಗಗಳನ್ನು ಕತ್ತರಿಸಿದರೆ ಆಗುವ ನೋವನ್ನೇ ಮುಂದಿಡುತ್ತದೆ. ತನ್ನ ಚರ್ಮದ ಉರಿಯನ್ನು ಎಚ್ಚರದಿಂದ ಗಮನಿಸಿದವನಿಗೆ ಅಹಿಂಸೆಯ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ. ಆದ್ದರಿಂದ ಆ ಉರಿಯನ್ನು ಕೀಳೆಂದು ತಳ್ಳಿಹಾಕುವುದು ದರ್ಶನಕ್ಕೇ ಮಾಡುವ ಅನ್ಯಾಯವಾಗುತ್ತದೆ.

ಆದರೂ ಒಂದು ಗಟ್ಟಿಯಾದ ಆಕ್ಷೇಪ ಉಳಿಯುತ್ತದೆ. ಜೈನ ಶಾಸ್ತ್ರದಲ್ಲಿ ಸ್ಪರ್ಶದ ಎಂಟು ಬಗೆಗಳನ್ನು ಹೇಳುವಾಗ ಸ್ನಿಗ್ಧ ಮತ್ತು ರೂಕ್ಷ, ಅಂದರೆ ಜಿಡ್ಡು ಮತ್ತು ಒಣತನ, ಎಂಬ ಜೋಡಿ ಬರುತ್ತದೆ, ಮತ್ತು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಪ್ರಕಾರ ಪರಮಾಣುಗಳು ಒಂದಕ್ಕೊಂದು ಅಂಟುವುದು ಈ ಗುಣಗಳಿಂದಲೇ. ಆತ್ಮಕ್ಕೆ ಕರ್ಮ ಅಂಟುವುದನ್ನು ವಿವರಿಸಲೂ ಆಚಾರ್ಯರು ಜಿಡ್ಡಿನ ದೃಷ್ಟಾಂತವನ್ನೇ ಬಳಸಿದ್ದಾರೆ. ಕುಂದಕುಂದಾಚಾರ್ಯರು ಸಮಯಸಾರದ ಬಂಧಾಧಿಕಾರದಲ್ಲಿ, ಮೈಗೆ ಎಣ್ಣೆ ಹಚ್ಚಿಕೊಂಡು ಧೂಳಿನ ನೆಲದಲ್ಲಿ ವ್ಯಾಯಾಮ ಮಾಡುವ ಮನುಷ್ಯನೊಬ್ಬನನ್ನು ಕಲ್ಪಿಸಿ, ಅವನಿಗೆ ಧೂಳು ಅಂಟಿದ್ದು ಯಾವುದರಿಂದ ಎಂದು ವಿಚಾರ ಮಾಡುತ್ತಾರೆ. ಧೂಳು ಇತ್ತೆಂಬುದೂ ಅವನು ಕೈಕಾಲು ಆಡಿಸಿದನೆಂಬುದೂ ಕಾರಣವಲ್ಲ, ಮೈಮೇಲಿನ ಎಣ್ಣೆಯೇ ಕಾರಣ. ಹಾಗೆಯೇ ಬಂಧಕ್ಕೆ ಕಾರಣ ರಾಗ, ಅಂದರೆ ಮನಸ್ಸಿನ ಅಂಟು. ಎಣ್ಣೆಯು ರಾಗದ ಸಂಕೇತವೇ ಆಗಿರುವ ಪರಂಪರೆಯಲ್ಲಿ ಒಣಚರ್ಮಕ್ಕೆ ಎಣ್ಣೆ ಹಚ್ಚುವವನು ಬಂಧವನ್ನೇ ಹಚ್ಚಿಕೊಳ್ಳುತ್ತಿಲ್ಲವೆ ಎಂದು ಕೇಳಬಹುದು.

ದೃಷ್ಟಾಂತವನ್ನು ಕೊನೆಯವರೆಗೆ ಓದಿದರೆ ಆಕ್ಷೇಪಕ್ಕೆ ಉತ್ತರ ಅಲ್ಲಿಯೇ ಇದೆ. ಕುಂದಕುಂದರು ಅಲ್ಲಿ ಮಾಡುತ್ತಿರುವ ಕೆಲಸವೇ ಹೊರಗಿನ ವಸ್ತುವನ್ನೂ ಹೊರಗಿನ ಕ್ರಿಯೆಯನ್ನೂ ಒಳಗಿನ ರಾಗದಿಂದ ಬೇರ್ಪಡಿಸುವುದು. ದೃಷ್ಟಾಂತದ ಎಣ್ಣೆ ರಾಗಕ್ಕೆ ಸಮ, ಬದುಕಿನ ಎಣ್ಣೆಯಾದರೋ ದೃಷ್ಟಾಂತದೊಳಗಿನ ಧೂಳು ಮತ್ತು ವ್ಯಾಯಾಮಗಳ ಸಾಲಿಗೆ ಸೇರಿದ ಹೊರವಸ್ತು. ರಾಗವಿಲ್ಲದೆ ಹಚ್ಚಿದ ಲೇಪ ಬಂಧವಾಗುವುದಿಲ್ಲ, ರಾಗವಿದ್ದರೆ ಲೇಪವನ್ನು ಬಿಟ್ಟೆನೆಂಬ ಹೆಮ್ಮೆಯೂ ಬಂಧವಾಗುತ್ತದೆ. ಕುಂದಕುಂದರ ಊರೆಂದು ವಿದ್ವಾಂಸರು ಗುರುತಿಸುವ ಕೊನಕೊಂಡ್ಲ ಕನ್ನಡ ನಾಡಿನ ಅಂಚಿನಲ್ಲಿ, ಇಂದಿನ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ. ಅವರ ವಿಚಾರವು ಗುಜರಾತಿನ ಗೃಹಸ್ಥರ ನಡುವೆ ಇಪ್ಪತ್ತನೆಯ ಶತಮಾನದಲ್ಲಿ ಹೊಸದಾಗಿ ಹಬ್ಬಿದ್ದು ಸೋನಗಢದ ಕಾನಜಿ ಸ್ವಾಮಿಯವರಿಂದ. ದಕ್ಷಿಣದ ದಿಗಂಬರ ಪಂಥದ ಚಿಂತನೆ ಮತ್ತು ಪಶ್ಚಿಮದ ಶ್ವೇತಾಂಬರ ಆಚಾರ ಇವೆರಡೂ ಈ ಪ್ರಶ್ನೆಯಲ್ಲಿ ಒಂದನ್ನೊಂದು ಬೆಳಗುತ್ತವೆ.

ಎರಡೂ ಪರಂಪರೆಗಳಿಗೆ ಸಾಮಾನ್ಯವಾದ ಒಂದು ಕಥೆ ಚರ್ಮದ ಕಥೆಯೇ ಆಗಿದೆ. ಜೈನ ಪುರಾಣಗಳ ನಾಲ್ಕನೆಯ ಚಕ್ರವರ್ತಿಯಾದ ಸನತ್ಕುಮಾರನ ವೃತ್ತಾಂತವನ್ನು ಹಳಗನ್ನಡದ ವಡ್ಡಾರಾಧನೆ ಹೇಳುತ್ತದೆ. ಈಗಿನ ಅಹಮದಾಬಾದ್ ಜಿಲ್ಲೆಯ ಧಂಧೂಕದಲ್ಲಿ ಹುಟ್ಟಿ 1173ರವರೆಗೆ ಬಾಳಿದ ಹೇಮಚಂದ್ರರೂ ಹೇಳುತ್ತಾರೆ. ಗಾಂಧೀಜಿಯವರು 1891ರಲ್ಲಿ ಮುಂಬಯಿಯಲ್ಲಿ ಭೇಟಿಯಾಗಿ ಮಾರ್ಗದರ್ಶಕರಂತೆ ಕಂಡ ಶ್ರೀಮದ್ ರಾಜಚಂದ್ರರು ತಮ್ಮ ಎಳೆಯ ವಯಸ್ಸಿನ ಗುಜರಾತಿ ಗ್ರಂಥಗಳಲ್ಲಿ ದೇಹದ ಅಶುಚಿತ್ವವನ್ನು ತಿಳಿಸಲು ಇದೇ ಕಥೆಯನ್ನು ಆರಿಸಿಕೊಂಡರು. ಹೇಮಚಂದ್ರರ ಕಥನದಲ್ಲಿ ಇಂದ್ರನು ಸನತ್ಕುಮಾರನ ರೂಪವನ್ನು ಹೊಗಳಿದ್ದನ್ನು ಕೇಳಿ ಇಬ್ಬರು ದೇವತೆಗಳು ಬ್ರಾಹ್ಮಣರ ವೇಷದಲ್ಲಿ ಹಸ್ತಿನಾಪುರಕ್ಕೆ ಬರುತ್ತಾರೆ. ಆಗ ಅರಸನಿಗೆ ಅಭ್ಯಂಜನ ನಡೆಯುತ್ತಿರುತ್ತದೆ, ಅವರು ಅವನ ರೂಪಕ್ಕೆ ಬೆರಗಾಗುತ್ತಾರೆ. ಅರಸನು ಹೆಮ್ಮೆಯಿಂದ, ಸ್ನಾನ ಮುಗಿಸಿ ಆಭರಣ ತೊಟ್ಟು ಸಭೆಯಲ್ಲಿ ಕುಳಿತಾಗ ಬಂದು ನೋಡಿರೆಂದು ಹೇಳುತ್ತಾನೆ. ಅವರು ಮತ್ತೆ ಬಂದಾಗ ಆ ರೂಪದೊಳಗೆ ಆಗಲೇ ರೋಗ ಹೊಕ್ಕಿರುವುದನ್ನು ಕಂಡು ಮುಖ ಬಾಡಿಸಿಕೊಳ್ಳುತ್ತಾರೆ, ಅರಸನು ಚೆಲುವಿನ ಅನಿತ್ಯತೆಯನ್ನು ಅರಿತು ಮುನಿಯಾಗುತ್ತಾನೆ. ಮುಂದೆ ಕಜ್ಜಿ ಮೊದಲಾದ ರೋಗಗಳು ಅವನನ್ನು ಕಾಡುತ್ತವೆ, ದೇವತೆಗಳು ವೈದ್ಯರಾಗಿ ಬಂದು ಮದ್ದು ಕೊಡುವೆವೆಂದಾಗ ಅವನು ಕರ್ಮವೆಂಬ ರೋಗಕ್ಕೆ ಮದ್ದಿದ್ದರೆ ಕೊಡಿರೆಂದು ಕೇಳಿ, ತನ್ನ ಬೆರಳಿಗೆ ತನ್ನ ಉಗುಳನ್ನೇ ಸವರಿ ಅದನ್ನು ಹೊನ್ನಿನಂತೆ ಬೆಳಗಿಸಿ ತೋರಿಸುತ್ತಾನೆ.

ಈ ಕಥೆಯನ್ನು ಚರ್ಮದ ತಿರಸ್ಕಾರದ ಕಥೆಯೆಂದು ಓದುವುದು ರೂಢಿ. ಆದರೆ ಕಥೆಯ ಎರಡು ವಿವರಗಳು ಬೇರೆಯದೇ ಮಾತನ್ನು ಹೇಳುತ್ತವೆ. ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾಗ, ಆಭರಣವಿಲ್ಲದ ಮೈಯಲ್ಲಿ, ಅರಸನ ರೂಪ ನಿರ್ದುಷ್ಟವಾಗಿತ್ತು. ಅದು ಕೆಟ್ಟಿದ್ದು ನೋಡುವವರಿಗಾಗಿ ಸಿಂಗರಿಸಿಕೊಂಡಾಗ. ಆರೈಕೆಗೂ ಅಲಂಕಾರಕ್ಕೂ ನಡುವಿನ ಗೆರೆಯನ್ನು ಕಥೆಯೇ ಎಳೆದಿದೆ, ಮತ್ತು ರೋಗ ಹೊಕ್ಕಿದ್ದು ಆ ಗೆರೆ ದಾಟಿದ ಮೇಲೆ. ಎರಡನೆಯದಾಗಿ, ಮುನಿಯು ಮದ್ದನ್ನು ಬೇಡವೆಂದಾಗ ಮದ್ದು ತನ್ನಲ್ಲೇ ಇದೆಯೆಂದೂ ತೋರಿಸಿದನು. ರೋಗವನ್ನು ಸಹಿಸುವುದು ಇಪ್ಪತ್ತೆರಡು ಪರೀಷಹಗಳಲ್ಲಿ, ಅಂದರೆ ಮುನಿಯು ಸಮಚಿತ್ತದಿಂದ ತಾಳಬೇಕಾದ ಕಷ್ಟಗಳಲ್ಲಿ ಒಂದು. ಹುಲ್ಲಿನ ಚುಚ್ಚುವಿಕೆಯೂ ಮೈಯ ಕೊಳೆಯೂ ಅದೇ ಪಟ್ಟಿಯಲ್ಲಿವೆ. ಗುಣಪಡಿಸುವ ಶಕ್ತಿಯಿದ್ದೂ ಅದನ್ನು ಬಳಸದವನ ತ್ಯಾಗಕ್ಕೆ ಬೆಲೆಯಿದೆ. ಆ ತ್ಯಾಗವನ್ನು ಶಕ್ತಿಯೂ ವಿರಾಮವೂ ಇಲ್ಲದ ಕೂಲಿಕಾರನ ಮೇಲೆ ಅಥವಾ ನವೆಯಿಂದ ರಾತ್ರಿಯಿಡೀ ಅಳುವ ಕೂಸಿನ ಮೇಲೆ ಹೇರಿದರೆ ಅದು ಬರಿಯ ಕ್ರೌರ್ಯವಾಗುತ್ತದೆ.

ಮುನಿಗಳ ನಿಯಮಗಳನ್ನೇ ನೋಡಿದರೂ ಆರೈಕೆಗೆ ಬಾಗಿಲು ಪೂರ್ತಿಯಾಗಿ ಮುಚ್ಚಿಲ್ಲ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಒಂದು; ಶ್ವೇತಾಂಬರರ ದಶವೈಕಾಲಿಕ ಸೂತ್ರದ ಮೂರನೆಯ ಅಧ್ಯಾಯವು ಸ್ನಾನ, ಗಂಧ, ಮಾಲೆಗಳ ಜೊತೆಗೆ ಮೈಗೆ ಎಣ್ಣೆ ಹಚ್ಚುವುದನ್ನೂ ವಿಭೂಷಣವನ್ನೂ, ಅಂದರೆ ಸಿಂಗರಿಸಿಕೊಳ್ಳುವುದನ್ನೂ, ಯತಿಗೆ ಸಲ್ಲದ ಆಚರಣೆಗಳೆಂದು ಎಣಿಸುತ್ತದೆ. ಹಾಗಿದ್ದರೂ ಭದ್ರಬಾಹುವಿನ ಹೆಸರಿನಲ್ಲಿ ಬಂದಿರುವ ಬೃಹತ್ಕಲ್ಪಸೂತ್ರವು ಎಣ್ಣೆ ತುಪ್ಪಗಳ ಲೇಪವನ್ನು ನಿಷೇಧಿಸುವಾಗ ಉಗ್ರವಾದ ರೋಗದ ಸಂದರ್ಭವನ್ನು ಹೊರತುಪಡಿಸುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ, ಅಂದರೆ ವಿಧಿಪೂರ್ವಕವಾಗಿ ದೇಹವನ್ನು ಬಿಡುವುದಕ್ಕೆ, ಇಡುವ ಷರತ್ತು ಇನ್ನೂ ಸ್ಪಷ್ಟ: ಉಪಸರ್ಗ ಅಂದರೆ ಹೊರಗಿನಿಂದ ಬಂದ ವಿಪತ್ತು, ಬರಗಾಲ, ಮುಪ್ಪು ಅಥವಾ ರೋಗವು ಪರಿಹಾರವೇ ಇಲ್ಲದ ಹಂತಕ್ಕೆ ಬಂದಿರಬೇಕು. ಚಂದ್ರಗಿರಿಯ ಮೇಲೆ ದೇಹ ಬಿಟ್ಟವರ ಅನೇಕ ನಿಸಿದಿಗಳು, ಅಂದರೆ ಸ್ಮಾರಕಗಳು, ಉಳ್ಳ ಶ್ರವಣಬೆಳಗೊಳದ ಪರಂಪರೆಯೂ ಈ ಷರತ್ತಿಗೆ ಒಳಪಟ್ಟದ್ದೇ. ಪರಿಹಾರವಿರುವ ರೋಗದಲ್ಲಿ ದೇಹವನ್ನು ಕೈಬಿಡಲು ಶಾಸ್ತ್ರದ ಅನುಮತಿಯಿಲ್ಲ ಎಂದ ಮೇಲೆ, ಕೆಲವು ವಾರಗಳ ಸರಳ ಆರೈಕೆಯಿಂದ ಸರಿಹೋಗುವ ಚರ್ಮವನ್ನು ಸೀಳಲು ಬಿಡುವುದು ವೈರಾಗ್ಯವೆನಿಸಿಕೊಳ್ಳಲಾರದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿ, ಗುರುತಿಸುತ್ತದೆ. ತನ್ನ ದೇಹದ ವಿಷಯದಲ್ಲಿ ತೋರುವ ಎಚ್ಚರಗೇಡಿತನವೂ ಅದರಿಂದ ಹೊರಗಿಲ್ಲ.

ಹೀಗೆ ಆರೈಕೆ ಸಲ್ಲುತ್ತದೆಂದು ಒಪ್ಪಿದ ಮೇಲೆ ಎಂಥ ಆರೈಕೆ ಎಂಬ ಪ್ರಶ್ನೆ ಬರುತ್ತದೆ. ಜೈನ ಸಾಧನಾಕ್ರಮದಲ್ಲಿ ಮೊದಲು ಸಂವರ, ಅಂದರೆ ಹೊಸ ಕರ್ಮದ ಒಳಹರಿವನ್ನು ನಿಲ್ಲಿಸುವುದು. ಆಮೇಲೆ ನಿರ್ಜರೆ, ಅಂದರೆ ಇದ್ದದ್ದನ್ನು ಕಳೆಯುವುದು. ಚರ್ಮದ ವೈದ್ಯವೂ ಇದೇ ಅನುಕ್ರಮವನ್ನು ಬಯಸುತ್ತದೆ: ಹೊಸ ಲೇಪವನ್ನು ಕೊಳ್ಳುವ ಮೊದಲು ಹಾನಿ ಮಾಡುತ್ತಿರುವುದನ್ನು ನಿಲ್ಲಿಸಬೇಕು. ಸುಡುನೀರಿನ ಬದಲು ಉಗುರುಬೆಚ್ಚಗಿನ ನೀರು, ಕ್ಷಾರೀಯ ಸೋಪಿನ ಬದಲು ಸೌಮ್ಯವಾದ, ಪರಿಮಳವಿಲ್ಲದ ತೊಳೆಯುವ ದ್ರವ, ಉಜ್ಜುವ ಪುಡಿಗಳಿಗೂ ಆಮ್ಲಗಳಿಗೂ ವಿರಾಮ, ಇಷ್ಟರಿಂದಲೇ ಅರ್ಧ ಕೆಲಸ ಆಗುತ್ತದೆ. ಉಳಿದರ್ಧಕ್ಕೆ ಮಾಯಿಶ್ಚರೈಸರ್ ಬೇಕು. ಅದರೊಳಗಿನ ವಸ್ತುಗಳು ಮೂರು ಕೆಲಸ ಮಾಡುತ್ತವೆ: ಗ್ಲಿಸರಿನ್, ಯೂರಿಯಾ, ಹಯಲುರಾನಿಕ್ ಆಮ್ಲಗಳಂಥವು ನೀರನ್ನು ಸೆಳೆದು ಹಿಡಿಯುತ್ತವೆ; ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು ಜೀವಕೋಶಗಳ ನಡುವೆ ಬರಿದಾದ ಎಡೆಯನ್ನು ತುಂಬುತ್ತವೆ; ಪೆಟ್ರೋಲಿಯಂ ಜೆಲ್ಲಿ, ಮೇಣಗಳಂಥವು ಮೇಲೆ ಮುಚ್ಚಳವಾಗಿ ನಿಂತು ನೀರು ಆವಿಯಾಗದಂತೆ ನೋಡಿಕೊಳ್ಳುತ್ತವೆ. ರಾಬರ್ಟ್ ಚೀಸ್‌ಬರೋ 1872ರಲ್ಲಿ ಪೇಟೆಂಟ್ ಪಡೆದ ಪೆಟ್ರೋಲಿಯಂ ಜೆಲ್ಲಿಯು ಈ ಆವಿಯನ್ನು ಶೇಕಡ 98ರಷ್ಟು ತಡೆಯಬಲ್ಲದೆಂದು ಚರ್ಮವೈದ್ಯ ಗ್ರಂಥಗಳು ಹೇಳುತ್ತವೆ. ಬೆಲೆಯಲ್ಲಿ ಅದು ಅತ್ಯಂತ ಅಗ್ಗವಾದವುಗಳಲ್ಲಿ ಒಂದು.

ಆಯ್ಕೆಯು ಚರ್ಮದ ಸ್ಥಿತಿಯನ್ನೂ ಊರಿನ ಹವೆಯನ್ನೂ ಅನುಸರಿಸಬೇಕು. ಅಹಮದಾಬಾದಿನ ಚಳಿಗಾಲದಲ್ಲಿ ಒಡೆದ ಕೈಗೆ ಗಟ್ಟಿಯಾದ ಮುಲಾಮು ಹೊಂದುತ್ತದೆ, ಕಡಲಿಗೆ ಹತ್ತಿರವಾದ ಸೂರತ್ತಿನ ಮಳೆಗಾಲದ ತೇವದಲ್ಲಿ ಅದೇ ಮುಲಾಮು ಬೆವರನ್ನು ಕಟ್ಟಿಹಾಕಿ ಕಾಟ ಕೊಡಬಹುದು, ಅಲ್ಲಿ ಹಗುರವಾದ ಕ್ರೀಮು ಸಾಕು. ಯೂರಿಯಾ ಒಣಗಿದ ಹಿಮ್ಮಡಿಗೆ ಒಳ್ಳೆಯದು, ಬಿರಿದು ಹಸಿಯಾದ ಚರ್ಮದ ಮೇಲೆ ಉರಿಸುತ್ತದೆ. ಮನೆಯ ಎಣ್ಣೆಗಳೆಲ್ಲ ಒಂದೇ ಬಗೆಯವಲ್ಲ. ಸೂರ್ಯಕಾಂತಿ ಎಣ್ಣೆ ತಡೆಗೋಡೆಗೆ ನೆರವಾಗುತ್ತದೆಂದೂ ಆಲಿವ್ ಎಣ್ಣೆ ಅದನ್ನು ದುರ್ಬಲಗೊಳಿಸಬಲ್ಲದೆಂದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ಸುಗಂಧ ಸೇರಿಸಿದ ಲೇಪವು ಮೂಗಿಗೆ ಹಿತವಾದರೂ ಹಾಳಾದ ಚರ್ಮಕ್ಕೆ ಅಲರ್ಜಿ ತರುವ ಸಂಭವವಿದೆ. ಸ್ನಾನವಾದ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ಒದ್ದೆಯಿರುವಾಗಲೇ ಹಚ್ಚಬೇಕು. ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ಮೂರು ದಿನ ನೋಡಬೇಕು. ಎರಡರಿಂದ ನಾಲ್ಕು ವಾರ ತಾಳ್ಮೆ ಬೇಕು. ಕೀವು, ನೀರೊಸರುವಿಕೆ, ಹರಡುವ ಕೆಂಪು ಅಥವಾ ನಿದ್ದೆಗೆಡಿಸುವ ನವೆ ಕಂಡರೆ ಚರ್ಮವೈದ್ಯರನ್ನು ಕಾಣಬೇಕು. ಬಿಳುಪು ತರುತ್ತದೆಂದು ನಂಬಿ ಸ್ಟೆರಾಯ್ಡ್ ಬೆರೆತ ಕ್ರೀಮನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವ ರೂಢಿ ದೇಶದುದ್ದಕ್ಕೂ ಇದೆ. ಅದು ಚರ್ಮವನ್ನು ತೆಳುವಾಗಿಸಿ ತಡೆಗೋಡೆಯನ್ನೇ ಕೆಡಿಸುತ್ತದೆ. ಸನತ್ಕುಮಾರನ ಕಥೆ ಹೇಳುವ ವಿಭೂಷಣದ ಕೇಡು ಇಂದು ಈ ರೂಪದಲ್ಲಿ ಮನೆಮನೆಗೆ ಬಂದಿದೆ.

ಲೇಪದ ಮೂಲದ್ರವ್ಯ ಎಲ್ಲಿಂದ ಬಂತೆಂಬುದು ಮುಂದಿನ ವಿಚಾರ. ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳನ್ನು ಹೇಳುವಾಗ ದಂತವಾಣಿಜ್ಯವೆಂಬ ಹೆಸರಿನಲ್ಲಿ ಪ್ರಾಣಿಗಳ ಹಲ್ಲು, ಕೂದಲು, ಮೂಳೆ, ತೊಗಲುಗಳ ವ್ಯಾಪಾರವನ್ನೂ ರಸವಾಣಿಜ್ಯವೆಂಬ ಹೆಸರಿನಲ್ಲಿ ಕೊಬ್ಬು, ಜೇನು, ಮದ್ಯಗಳ ವ್ಯಾಪಾರವನ್ನೂ ಸೇರಿಸಿದ್ದಾರೆ. ಇಂದಿನ ಕ್ರೀಮಿನ ಡಬ್ಬಿಯ ಹಿಂಬದಿಯನ್ನು ಓದಿದರೆ ಆ ಪಟ್ಟಿ ಹಳತಾಗಿಲ್ಲವೆಂದು ತಿಳಿಯುತ್ತದೆ. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು, ಕೊಲೆಸ್ಟರಾಲನ್ನೂ ಹಲವು ಸಲ ಅದರಿಂದಲೇ ತೆಗೆಯುತ್ತಾರೆ, ಜೇನುಮೇಣ ಜೇನುಗೂಡಿನದು, ಗ್ಲಿಸರಿನ್ ಮತ್ತು ಸ್ಟಿಯರಿಕ್ ಆಮ್ಲಗಳು ಗಿಡದ ಎಣ್ಣೆಯಿಂದಲೂ ಬರುತ್ತವೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತವೆ, ಸ್ಕ್ವಾಲೇನನ್ನು ಹಿಂದೆ ಶಾರ್ಕ್ ಮೀನಿನ ಯಕೃತ್ತಿನಿಂದ ಪಡೆಯುತ್ತಿದ್ದರು, ಈಗ ಆಲಿವ್ ಅಥವಾ ಕಬ್ಬಿನಿಂದಲೂ ತಯಾರಿಸುತ್ತಾರೆ, ಕೊಲಾಜೆನ್ ದನ ಅಥವಾ ಮೀನಿನ ತೊಗಲು ಮೂಳೆಗಳಿಂದ ಬಂದದ್ದು. ಸೆರಮೈಡುಗಳನ್ನು ಯೀಸ್ಟಿನ ನೆರವಿನಿಂದ ಅಥವಾ ರಾಸಾಯನಿಕವಾಗಿ ತಯಾರಿಸಬಹುದು. ಯೂರಿಯಾವನ್ನು ಪ್ರಾಣಿಯ ದೇಹದ ಹೊರಗೆ ತಯಾರಿಸಬಹುದೆಂದು ರಸಾಯನಶಾಸ್ತ್ರಜ್ಞ ವೋಲರ್ 1828ರಲ್ಲಿಯೇ ತೋರಿಸಿದ್ದನು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿ ನಿಷೇಧಿಸಿ, ಹಾಗೆ ಪರೀಕ್ಷಿಸಿದವುಗಳ ಆಮದನ್ನೂ ಅದೇ ವರ್ಷ ತಡೆಯಿತು. ತನ್ನ ಚರ್ಮದ ಉರಿಯನ್ನು ತಣಿಸಲು ಮೊಲದ ಚರ್ಮವನ್ನು ಉರಿಸಬಾರದೆಂಬ ವಿವೇಕ ಕಾನೂನಾಗಿ ಬಂದದ್ದು ಅಹಿಂಸೆಯ ನಿಜವಾದ ಗೆಲುವು.

ಆದರೆ ಮೂಲದ್ರವ್ಯದ ಶುದ್ಧಿಯನ್ನೇ ಕೊನೆಯ ಮಾತಾಗಿಸಿಕೊಂಡರೆ ವಿಚಾರ ಕುಂಟುತ್ತದೆ. ಪೆಟ್ರೋಲಿಯಂ ಜೆಲ್ಲಿಗಾಗಿ ಯಾವ ಪ್ರಾಣಿಯೂ ಸಾಯುವುದಿಲ್ಲ, ವಡೋದರಾದ ಬಳಿಯ ಕೊಯಲಿಯಲ್ಲಿ 1965ರಿಂದ ಎಣ್ಣೆ ಶುದ್ಧೀಕರಣ ಕಾರ್ಖಾನೆಯಿರುವ ಈ ಪ್ರಾಂತ್ಯಕ್ಕೆ ಖನಿಜತೈಲ ಪರಕೀಯವೂ ಅಲ್ಲ. ಆದರೂ ನೆಲವನ್ನು ಕೊರೆಯುವುದನ್ನೇ ಹೇಮಚಂದ್ರರ ಪಟ್ಟಿ ಸ್ಫೋಟವೃತ್ತಿಯೆಂದು ದೂರ ಇಡುತ್ತದೆ. ಗಿಡದ ಎಣ್ಣೆಗೂ ಗಾಣವಿದೆ, ಗಾಣದ ಯಂತ್ರಪೀಡನವೂ ಅದೇ ಪಟ್ಟಿಯಲ್ಲಿದೆ. ಹಿಂಸೆಯಿಲ್ಲದ ಒಂದೇ ಒಂದು ವಸ್ತುವನ್ನೂ ಗೃಹಸ್ಥನು ಕೊಳ್ಳಲಾರ ಎಂಬುದನ್ನು ಅರಿತೇ ಶಾಸ್ತ್ರವು ಅವನಿಗೆ ಮಹಾವ್ರತವನ್ನು ವಿಧಿಸದೆ ಅಣುವ್ರತವನ್ನು, ಅಂದರೆ ಅಳತೆಯುಳ್ಳ ವ್ರತವನ್ನು, ಕೊಟ್ಟಿದೆ. ಹೀಗಿರುವಾಗ ಪ್ರಮಾಣವೇ ಮುಖ್ಯವಾಗುತ್ತದೆ. ಹತ್ತು ಬಗೆಯ ಸೀರಮ್ಮುಗಳು ತುಂಬಿದ ಕಪಾಟಿಗಿಂತ ಒಂದು ಸೌಮ್ಯ ಲೇಪ ಪರಿಗ್ರಹದಲ್ಲೂ, ಅಂದರೆ ವಸ್ತುಸಂಗ್ರಹದಲ್ಲೂ, ಹಿಂಸೆಯಲ್ಲೂ ಕಡಿಮೆ, ಹಾಳಾದ ಚರ್ಮಕ್ಕೆ ವೈದ್ಯರು ಹೇಳುವುದೂ ಇಂಥ ಮಿತವ್ಯಯವನ್ನೇ. ಚಿಕಿತ್ಸೆಗೆ ಒಂದು ಮುಕ್ತಾಯವಿದೆ: ತಡೆಗೋಡೆ ಸರಿಹೋದ ದಿನ ಮನಸ್ಸು ಚರ್ಮವನ್ನು ಮರೆತು ತನ್ನ ಕೆಲಸಕ್ಕೆ ಹೊರಳುತ್ತದೆ, ಆಮೇಲೆ ಬೇಕಾಗುವುದು ನಿತ್ಯದ ಅಲ್ಪ ರಕ್ಷಣೆ ಮಾತ್ರ. ಅಲಂಕಾರಕ್ಕೆ ಅಂಥ ಮುಕ್ತಾಯವಿಲ್ಲ, ಅದು ತೃಪ್ತಿಯನ್ನು ಸದಾ ಮುಂದಿನ ಡಬ್ಬಿಗೆ ಮುಂದೂಡುತ್ತದೆ. ಒಬ್ಬನು ಹಚ್ಚುತ್ತಿರುವುದು ಔಷಧವೋ ರಾಗವೋ ಎಂಬುದನ್ನು ಅವನು ಎಲ್ಲಿ ನಿಲ್ಲಿಸಬಲ್ಲನೆಂಬುದರಿಂದ ತಿಳಿಯಬಹುದು.

ಇಲ್ಲಿಯವರೆಗಿನ ವಿಚಾರ ತನ್ನ ಚರ್ಮದ್ದು. ಪರರ ಚರ್ಮದ ವಿಷಯದಲ್ಲಿ ಪರಂಪರೆಯ ದನಿ ಸಂಶಯಕ್ಕೆಡೆಯಿಲ್ಲದಂತಿದೆ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯ ಒಂದು, ಅದು ರೋಗಿಯಾದ ಅಥವಾ ದಣಿದ ಸಾಧಕನ ಶುಶ್ರೂಷೆ. ತನಗೆ ಬೇಡವೆನ್ನಬಹುದಾದ ಮದ್ದನ್ನು ಇನ್ನೊಬ್ಬನಿಗೆ ಹಚ್ಚುವುದು ಅಲ್ಲಿ ತಪಸ್ಸೆನಿಸುತ್ತದೆ. ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಯಿಲ್ಲದಿರುವಿಕೆ, ಇದಕ್ಕೆ ಸಮಂತಭದ್ರರು ಉದ್ದಾಯನ ರಾಜನನ್ನು ಉದಾಹರಿಸುತ್ತಾರೆ. ಕುಷ್ಠದಿಂದ ಕೊಳೆಯುತ್ತಿದ್ದ ಮುನಿಯ ವೇಷದಲ್ಲಿ ಬಂದ ದೇವತೆಯನ್ನು ಅವನು ಹೇಸದೆ ತೊಳೆದು ಉಪಚರಿಸಿದನೆಂಬುದು ಕಥೆ. ದೇಹದ ಅಶುಚಿತ್ವವನ್ನು ಭಾವಿಸುವುದರ ಫಲ ಹೇಸಿಗೆಯಲ್ಲ, ಹೇಸಿಗೆಯ ಅಳಿವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ: ಎಲ್ಲ ದೇಹಗಳೂ ಒಂದೇ ದ್ರವ್ಯದವೆಂದು ತಿಳಿದವನು ಹುಣ್ಣಿರುವ ದೇಹವನ್ನು ದೂರ ಸರಿಸಲಾರ. ರಾಜಚಂದ್ರರಿಂದ ಕಲಿತ ಗಾಂಧೀಜಿಯವರು 1917ರಲ್ಲಿ ಸಾಬರಮತಿಯ ದಡದಲ್ಲಿ ಆಶ್ರಮ ಕಟ್ಟಿದವರು, ಮುಂದೆ ಸೇವಾಗ್ರಾಮದಲ್ಲಿ ಕುಷ್ಠರೋಗಿಯಾಗಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಯವರ ಮೈಯನ್ನು ತಮ್ಮ ಕೈಯಿಂದಲೇ ತೊಳೆದು ನೀವಿದರು. ಕನ್ನಡ ನಾಡಿನ ಜೈನ ಶಾಸನಗಳು ಮತ್ತೆ ಮತ್ತೆ ಹೊಗಳುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿಯೇ ಭೈಷಜ್ಯದಾನವೂ, ಅಂದರೆ ಔಷಧದ ದಾನವೂ, ನಿಂತಿದೆ.

ಈ ನಾಲ್ಕನೆಯ ದಾನವು ಇಂದು ಸೂರತ್ತಿನ ಪಾಂಡೇಸರದಂಥ ಕೈಗಾರಿಕಾ ಪ್ರದೇಶದ ಬಣ್ಣದ ಗಿರಣಿಗೂ ಅಹಮದಾಬಾದಿನ ವಟವಾದಂಥ ಪ್ರದೇಶದ ಬಣ್ಣ ತಯಾರಿಸುವ ಘಟಕಕ್ಕೂ ತಲುಪಬೇಕಾಗಿದೆ. ಬಟ್ಟೆಯ ನೂಲಿಗೆ ಬಲವಾಗಿ ಅಂಟುವಂತೆ ರೂಪಿಸಿದ ಬಣ್ಣಗಳು ಕೈಗೂ ಅಂಟುತ್ತವೆ, ಸೋಡಾ ಮತ್ತು ಬ್ಲೀಚಿಂಗ್ ದ್ರವಗಳು ಚರ್ಮದ ಜಿಡ್ಡನ್ನು ಕರಗಿಸುತ್ತವೆ, ಹಾಳಾದ ತಡೆಗೋಡೆಯ ಮೂಲಕ ಅಲರ್ಜಿಕಾರಕಗಳು ಒಳಹೊಕ್ಕು ಇಸುಬು ಬೇರೂರುತ್ತದೆ. ಕೆಲಸದಿಂದ ಬರುವ ರೋಗಗಳ ಅಧ್ಯಯನಕ್ಕಾಗಿ 1966ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಅಹಮದಾಬಾದಿನಲ್ಲಿಯೇ ಇದೆ, ತಡೆಯುವ ಉಪಾಯಗಳೂ ಗೊತ್ತಿವೆ: ಕೈಗವಸು, ಸೌಮ್ಯವಾದ ತೊಳೆಯುವ ದ್ರವ, ಪಾಳಿ ಮುಗಿದ ಮೇಲೆ ಹಚ್ಚಲು ಅಗ್ಗದ ಮುಲಾಮು. ತನ್ನ ಕ್ರೀಮಿನಲ್ಲಿ ಜೇನುಮೇಣವಿದೆಯೇ ಎಂದು ಎಚ್ಚರದಿಂದ ಓದುವ ಶ್ರಾವಕನು ತಾನು ಉಡುವ ಸೀರೆಗೆ ಬಣ್ಣ ಹಾಕಿದ ಕೈಗಳ ವಿಷಯದಲ್ಲಿಯೂ ಅಷ್ಟೇ ಎಚ್ಚರದಿಂದಿದ್ದರೆ, ಗಿರಣಿಯ ಒಡೆಯನು ದೇರಾಸರಕ್ಕೆ ಕೊಡುವ ಕಾಣಿಕೆಯ ಜೊತೆಗೆ ತನ್ನ ಕೆಲಸಗಾರರ ಕೈಗಳ ಹೊಣೆಯನ್ನೂ ಧರ್ಮದ ಲೆಕ್ಕಕ್ಕೆ ಸೇರಿಸಿದರೆ, ಅಪ್ರಮಾದವು ಪೂರ್ಣವಾಗುತ್ತದೆ. ತನ್ನ ಚರ್ಮಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳುವುದು, ತೆಗೆದುಕೊಂಡದ್ದರ ಮೂಲವನ್ನು ವಿಚಾರಿಸುವುದು, ಗುಣವಾದಲ್ಲಿ ನಿಲ್ಲಿಸುವುದು, ಮತ್ತು ನಿಲ್ಲಿಸಿ ಉಳಿದದ್ದನ್ನು ಇನ್ನೂ ಉರಿಯುತ್ತಿರುವ ಚರ್ಮದವರಿಗೆ ತಲುಪಿಸುವುದು, ಈ ನಾಲ್ಕೂ ಒಟ್ಟಿಗೆ ನಡೆದಾಗ ಮೈಗೆ ಹಚ್ಚಿದ ಜಿಡ್ಡು ಬಂಧಕ್ಕೆ ಕಾರಣವಾಗದೆ ಅಹಿಂಸೆಯ ಆಚರಣೆಯಾಗುತ್ತದೆ.